ಗರಗಸದ ದಪ್ಪ ಬಿಟ್ಟು ಗೆರೆ ಹಾಕು

ಪ್ರೀತಿಯ ಕೂಸೇ,

ನೀನು ಕಳಿಸಿದ ವಿಡಿಯೋವನ್ನು ಡ್ಯೂಟಿ ಮುಗಿಸಿ ಬಂದು ಪೂರ್ತಿ ನೋಡಿದೆ. ಪ್ಲೈವುಡ್‌ನಲ್ಲಿ ಸೀಳು ಕೊರೆದು, ಕೆಳಗಿನಿಂದ ಕಟ್ಟರ್ ಮಷೀನನ್ನು ತಲೆಕೆಳಗಾಗಿ ಬಿಗಿದು, ಸ್ವಿಚ್ಚು ಸದಾ ಒತ್ತಿಯೇ ಇರುವಂತೆ ಕೇಬಲ್ ಟೈ ಕಟ್ಟಿ, ಮನೆಯಲ್ಲೇ ಟೇಬಲ್ ಸಾ, ಅಂದರೆ ಮೇಜಿನ ಸೀಳಿನಲ್ಲಿ ಬ್ಲೇಡು ತಿರುಗುವ ಮರ ಸೀಳುವ ಯಂತ್ರ, ತಯಾರಾಯಿತು ಎನ್ನುತ್ತಾನಲ್ಲ, ಅದನ್ನು. ಅಂಥದ್ದೇ ಮಾಡಿಕೊಳ್ಳಲು ಅಜ್ಜಿಯ ದುಡ್ಡಿನಲ್ಲಿ ಕಟ್ಟರ್ ಕೊಳ್ಳುತ್ತೇನೆ ಎಂದು ನೀನು, ಬೇಡ ಎಂದು ನಾನು. ಆಮೇಲೆ ಫೋನಿನಲ್ಲಿ ನಾವಿಬ್ಬರೂ ಆಡಿದ ಮಾತು ಇಲ್ಲಿ ಬೇಡ, ನಿನಗೂ ನೆನಪಿದೆ, ನನಗೂ ನೆನಪಿದೆ. ನೀನು ಮುಗಿಸುವ ಮೊದಲೇ ಫೋನ್ ಇಟ್ಟುಬಿಟ್ಟೆ, ಅದಕ್ಕೆ ಕ್ಷಮಿಸು. ಹೇಳಿದ ವಿಷಯಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ಅದನ್ನು ಕಾಗದದಲ್ಲೇ ಹೇಳುತ್ತೇನೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ, ನಾನು ದನಿ ಏರಿಸುತ್ತೇನೆ.

ಅಜ್ಜಿ ಕೊಟ್ಟ 16,000 ರೂಪಾಯಿ ನಿನ್ನದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲಿಂದ ಬಂತು ಎನ್ನುವುದು ನಿನಗೆ ಗೊತ್ತಿರಲಿ. ಗೃಹಲಕ್ಷ್ಮಿಯ ತಿಂಗಳ 2,000ವನ್ನು ಎಂಟು ಕಂತು ಮುಟ್ಟದೆ ಬ್ಯಾಂಕಿನಲ್ಲೇ ಬಿಟ್ಟಿದ್ದಳು. ನಿನಗೆ ಕೆಲಸ ಸಿಕ್ಕಿತು ಅಂತ ಕೇಳಿದ ಮೇಲೆ ಮಾವನನ್ನು ಕರೆದುಕೊಂಡು ಹೋಗಿ ತೆಗೆಸಿದಳು. ಓಲೆ ಮಾಡಿಸಿಕೊಡಿ ಎಂದು ಅತ್ತೆ ಅಂದಾಗ, "ಅವಳಿಗೆ ಏನು ಬೇಕೋ ಅದನ್ನೇ ತಗೊಳ್ಳಲಿ. ಅಜ್ಜನ ಪೆಟ್ಟಿಗೆಯಿಂದ ಅವಳಿಗೆ ಒಂದು ಉಳಿಯನ್ನೂ ಇಡಲಿಲ್ಲ" ಎಂದಳು. ಅಜ್ಜ ಹೋದಾಗ ನೀನು ಎರಡನೇ ಕ್ಲಾಸು. ಅವನ ಮರ ಹೆರೆಯುವ ಹತ್ತರಿ, ಬಾಚಿ, ಬೈರಿಗೆ, ಗರಗಸ ಎಲ್ಲವನ್ನೂ ಅಜ್ಜಿಯೇ ಅವನ ಜೊತೆ ಕೆಲಸ ಮಾಡುತ್ತಿದ್ದ ಇಬ್ಬರಿಗೆ ಹಂಚಿದಳು. ಅವರ ಹೊಟ್ಟೆಪಾಡು ಅದರಲ್ಲಿತ್ತು, ಸರಿಯಾದದ್ದನ್ನೇ ಮಾಡಿದಳು. ಮೊಮ್ಮಗಳು ಒಂದು ದಿನ ಕೊಡತಿ ಹಿಡಿಯುತ್ತಾಳೆ ಎಂದು ಆಗ ಯಾರು ಎಣಿಸಿದ್ದರು?

ಹಾಗಾಗಿ ಆ ದುಡ್ಡು ಮರಗೆಲಸದ ಸಾಮಾನಿಗೇ ಹೋಗಬೇಕು. ಓಲೆ ಬೇಡ, ಫೋನೂ ಬೇಡ. ಯಾವ ಸಾಮಾನು ಅನ್ನುವುದಷ್ಟೇ ನಮ್ಮ ತಕರಾರು.

ನಮ್ಮ ಆಸ್ಪತ್ರೆಯ ಕ್ಯಾಜುವಾಲ್ಟಿಗೆ ಒಬ್ಬ ಹುಡುಗ ಬಂದಿದ್ದ. ಸುಮಾರು ನಿನ್ನ ವಯಸ್ಸು. ಎಡಗೈಗೆ ಟವೆಲ್ ಸುತ್ತಿಕೊಂಡು ತಾನೇ ನಡೆದುಕೊಂಡು ಬಂದ. ಹಿಂದೆ ಅವನ ಗೆಳೆಯ, ಕೈಯಲ್ಲಿ ಸ್ಟೀಲಿನ ಟಿಫಿನ್ ಡಬ್ಬಿ. ಡಬ್ಬಿಯ ತುಂಬ ಐಸು, ಐಸಿನ ನೀರಿನಲ್ಲಿ ತೋರುಬೆರಳು. ಅದು ಬೆಳ್ಳಗೆ ಊದಿಕೊಂಡಿತ್ತು. ಟವೆಲ್ ಬಿಚ್ಚುವಾಗ ಹೇಗಾಯಿತು ಎಂದು ಕೇಳಿದೆ. ನಿನ್ನ ವಿಡಿಯೋದಲ್ಲಿ ಇದ್ದದ್ದನ್ನೇ ಹೇಳಿದ: ಪ್ಲೈವುಡ್, ತಲೆಕೆಳಗಿನ ಕಟ್ಟರ್, ಕಟ್ಟಿದ ಸ್ವಿಚ್ಚು. ಕುಡಿದಿರಲಿಲ್ಲ, ನಿದ್ದೆಗೆಟ್ಟಿರಲಿಲ್ಲ. ವರ್ಷಗಟ್ಟಲೆ ಅದರಲ್ಲೇ ಪಟ್ಟಿ ಸೀಳಿದವನು. "ನಾನು ಹುಷಾರಾಗಿರುತ್ತೇನೆ" ಎಂದು ನೀನು ಮತ್ತೆ ಮತ್ತೆ ಹೇಳಿದೆಯಲ್ಲ, ಅವನೂ ಹುಷಾರಾಗಿಯೇ ಇದ್ದ ಕೂಸೇ.

ಕತ್ತಿ ಕೊಯ್ಯುತ್ತದೆ. ಗರಗಸ ಹಾಗಲ್ಲ, ಅದು ತನ್ನ ದಪ್ಪದಷ್ಟನ್ನು ಪುಡಿ ಮಾಡಿ ಎತ್ತಿಕೊಂಡು ಹೋಗುತ್ತದೆ. ಅಜ್ಜ ಹಲಸಿನ ಹಲಗೆಗೆ ಗುರುತು ಹಾಕುವಾಗ ನಾನು ಪಕ್ಕದಲ್ಲಿ ಮೂಲೆಮಟ್ಟ ಹಿಡಿದು ಕೂರುತ್ತಿದ್ದೆ. ಒಂದು ಗೆರೆ ಹಾಕಿದರೆ ಸಾಲದು, ಗರಗಸದ ದಪ್ಪ ಬಿಟ್ಟು ಇನ್ನೊಂದು ಗೆರೆ ಹಾಕಬೇಕು, ಇಲ್ಲದಿದ್ದರೆ ಎರಡು ತುಂಡನ್ನು ಮತ್ತೆ ಜೋಡಿಸಿದರೂ ಅಳತೆ ಸಿಗುವುದಿಲ್ಲ ಎನ್ನುತ್ತಿದ್ದ. ಬೆರಳಿನ ಲೆಕ್ಕವೂ ಅದೇ. ಕತ್ತಿಯಲ್ಲಿ ತುಂಡಾದ ಬೆರಳಿನ ಎರಡು ಅಂಚೂ ಒಂದಕ್ಕೊಂದು ಕೂರುತ್ತವೆ. ಕಟ್ಟರಿನಲ್ಲಿ ಹೋದರೆ ನಡುವೆ ಎರಡು ಮಿಲಿಮೀಟರಿನಷ್ಟು ಮೂಳೆ, ನರ, ರಕ್ತನಾಳ ಇಲ್ಲವೇ ಇಲ್ಲ, ಇದ್ದ ಅಂಚೂ ಹರಿದು ಚಿಂದಿ. ಬೆರಳಿನ ರಕ್ತನಾಳದ ಅಗಲ ಸುಮಾರು ಒಂದು ಮಿಲಿಮೀಟರ್. ಅದನ್ನು ಮೈಕ್ರೋಸ್ಕೋಪಿನ ಕೆಳಗೆ ತಲೆಗೂದಲಿಗಿಂತ ತೆಳುವಾದ ದಾರದಲ್ಲಿ ಹೊಲಿಯಬೇಕು. ಹೊಲಿಯುವುದಕ್ಕೆ ಒಳ್ಳೆಯ ಅಂಚು ಬೇಕು, ಅದಕ್ಕಾಗಿ ಮೂಳೆಯನ್ನು ಇನ್ನೂ ಗಿಡ್ಡ ಮಾಡಬೇಕು. ಅದೂ ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲಿ, ಹೊತ್ತಿಗೆ ಸರಿಯಾಗಿ ತಲುಪಿದರೆ.

ಆ ಕಟ್ಟರ್ ಹುಟ್ಟಿದ್ದು ಮರಕ್ಕಲ್ಲ, ಕಲ್ಲಿಗೆ. ಮಾರ್ಬಲ್, ಟೈಲ್ಸ್ ಕೊಯ್ಯುವ ಹಲ್ಲಿಲ್ಲದ ಡೈಮಂಡ್ ಬ್ಲೇಡಿಗೆಂದು ಮಾಡಿದ್ದು. ನಿಮಿಷಕ್ಕೆ 12,000 ಸುತ್ತು. ಅದಕ್ಕೆ ನಾಲ್ಕಿಂಚಿನ 40 ಹಲ್ಲಿನ ಮರದ ಬ್ಲೇಡು ಹಾಕುತ್ತಾರೆ. ಏನೋ ಎಡವಟ್ಟಾಯಿತು ಅಂತ ಮೆದುಳಿಗೆ ಹೊಳೆದು ಕೈ ಹಿಂದೆ ಬರುವುದಕ್ಕೆ ಎಷ್ಟೇ ಚುರುಕಿನವರಿಗೂ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಅಷ್ಟರಲ್ಲಿ ಆ ಬ್ಲೇಡು 40 ಸುತ್ತು ಸುತ್ತಿರುತ್ತದೆ, ಅಂದರೆ 1,600 ಹಲ್ಲು ದಾಟಿ ಹೋಗಿರುತ್ತದೆ. ನಿನ್ನ ಹುಷಾರಿಗೆ ಅಲ್ಲಿ ಜಾಗ ಎಲ್ಲಿದೆ? ಸೀಳಿದ ಮರ ಹಿಂಬದಿಯಲ್ಲಿ ಕೂಡಿಕೊಂಡು ಬ್ಲೇಡನ್ನು ಹಿಡಿಯುತ್ತದೆ, ಮೇಲೇಳುವ ಹಲ್ಲು ಹಲಗೆಯನ್ನು ಎತ್ತಿ ನಿನ್ನ ಕಡೆಗೇ ಎಸೆಯುತ್ತದೆ, ಹಲಗೆ ತಳ್ಳುತ್ತಿದ್ದ ಕೈ ನೇರ ಬ್ಲೇಡಿನ ಮೇಲೆ. ನಿಜವಾದ ಟೇಬಲ್ ಸಾದಲ್ಲಿ ಆ ಸೀಳು ಕೂಡದಂತೆ ಬ್ಲೇಡಿನ ಹಿಂದೆ ರೈವಿಂಗ್ ನೈಫ್ ಅನ್ನುವ ಒಂದು ಲೋಹದ ತಗಡು ನಿಂತಿರುತ್ತದೆ. ಈ ಪ್ಲೈವುಡ್ ಸಾಹಸದಲ್ಲಿ ಅದು ಇಲ್ಲ, ಬ್ಲೇಡಿಗೆ ಮುಚ್ಚುವ ಗಾರ್ಡ್ ಅನ್ನೂ ಬಿಚ್ಚಿ ಎಸೆದಿದ್ದಾನೆ. ಕೈ ಅಲ್ಲಿದ್ದಾಗ ಸ್ವಿಚ್ ಆರಿಸುವವರು ಯಾರು?

ಡ್ರೆಸ್ಸಿಂಗ್ ಮುಗಿಯುವ ತನಕ ಆ ಹುಡುಗ ನೋವು ಅಂತ ಅನ್ನಲಿಲ್ಲ. "ಸಿಸ್ಟರ್, ಇನ್ನು ಮೊಳೆ ಹಿಡಿಯೋಕೆ ಆಗುತ್ತಾ?" ಅಂತ ಅಷ್ಟೇ ಕೇಳಿದ. ಬಲಗೈಯಲ್ಲಿ ಸುತ್ತಿಗೆ ಬೀಸುವಾಗ ಮೊಳೆ ಹಿಡಿಯುವುದು ಎಡಗೈಯ ಹೆಬ್ಬೆರಳು, ತೋರುಬೆರಳು. ನಾನು ಉತ್ತರ ಹೇಳಲಿಲ್ಲ. ಡಾಕ್ಟರು ಹೇಳುತ್ತಾರೆ ಅಂದೆ.

ನೀನು ಏನನ್ನೇ ಕೊಂಡರೂ ಇದೊಂದನ್ನು ಕಲಿತುಕೋ, ರೂಮಿನವರಿಗೂ ಹೇಳಿಕೊಡು. ಬೆರಳು ತುಂಡಾದರೆ ಮೊದಲು ಗಾಯವನ್ನು ಒಳ್ಳೆಯ ಬಟ್ಟೆಯಿಂದ ಒತ್ತಿ ಹಿಡಿದು ಕೈ ಎತ್ತಿ ಇಟ್ಟುಕೊಳ್ಳಬೇಕು, 108ಕ್ಕೆ ಫೋನ್ ಮಾಡಬೇಕು. ತುಂಡನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಗಾಜ್ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಐಸಿನಲ್ಲಿ ಇಡಬೇಕು. ಬೆರಳಿಗೆ ಐಸು ನೇರ ತಾಗಬಾರದು, ನೀರಿನಲ್ಲಿ ನೆನೆಯಬಾರದು. ಆ ಗೆಳೆಯ ಪಾಪ ಒಳ್ಳೆಯದೇ ಆಗಲಿ ಅಂತ ಓಡಿ ಹೋಗಿ ಐಸ್ ತಂದಿದ್ದ.

ಮತ್ತೆ ಅವನ ಹತ್ತಿರವೇ ಬಂದೆ ನೋಡು.

ನೀನು ಕಾಲೇಜಿನ ವರ್ಕ್‌ಶಾಪಿನಲ್ಲಿ ಮಾಡಿ ತಂದ ಸ್ಟೂಲ್ ಇದೆಯಲ್ಲ, ಅಜ್ಜಿ ಈಗ ಅದರ ಮೇಲೆ ಕೂತೇ ಹೂ ಕಟ್ಟುವುದು. ಒಂದೂ ಮೊಳೆ ಇಲ್ಲದೆ ಕಚ್ಚು ಕೂರಿಸಿದ್ದೀ. ಅಜ್ಜನ ಉಳಿ ಪಡೆದುಕೊಂಡ ಇಬ್ಬರಲ್ಲಿ ಒಬ್ಬರು ಮೊನ್ನೆ ಮನೆಗೆ ಬಂದಿದ್ದರು. ಅದನ್ನು ಮಗುಚಿ ಹಾಕಿ ಕಚ್ಚಿನ ಸಂದಿಗೆ ಉಗುರು ಹೋಗುತ್ತದೆಯೇ ಎಂದು ನೋಡಿದರು. ಹೋಗಲಿಲ್ಲ. "ಇದು ಆಚಾರ್ರ ಕೈ" ಎಂದರು. ನಾನು ಒಳಗೆ ಹೋಗಿ ಚಾ ಮಾಡುವ ನೆಪದಲ್ಲಿ ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಇದನ್ನು ಫೋನಿನಲ್ಲಿ ಹೇಳಬೇಕೆಂದಿದ್ದೆ, ವಿಡಿಯೋ ಜಗಳದಲ್ಲಿ ಉಳಿದುಹೋಯಿತು.

ಈಗ ನನ್ನ ಅಭಿಪ್ರಾಯ. ಮೊದಲಿಗೆ ಐದನೇ ನಂಬರಿನ ಕಬ್ಬಿಣದ ಹತ್ತರಿ, ನೀವು ಜ್ಯಾಕ್ ಪ್ಲೇನ್ ಎನ್ನುವುದು. ತಳ ಹದಿನಾಲ್ಕು ಇಂಚು, ಬ್ಲೇಡು ಎರಡು ಇಂಚು. ನಾಲ್ಕನೇ ನಂಬರು ಕೈಗೆ ಹಗುರ, ನುಣುಪು ಮಾಡುವುದಕ್ಕೆ ಚೆನ್ನ, ಆದರೆ ತಳ ಗಿಡ್ಡ. ಹಲಗೆಯ ಏರುತಗ್ಗಿನ ಮೇಲೆ ಹತ್ತಿಳಿದುಕೊಂಡೇ ಹೋಗುತ್ತದೆ. ಒಂದೇ ಕೊಳ್ಳುವುದಾದರೆ ಉದ್ದದ್ದು ಇರಲಿ. ಜೊತೆಗೆ 6, 12, 25 ಮಿಲಿಮೀಟರಿನ ಮೂರು ಉಳಿ. ಹನ್ನೆರಡು ಉಳಿಯ ಸೆಟ್ ತೋರಿಸುತ್ತಾರೆ, ಬೇಡ. ಉಳಿದ ದುಡ್ಡು ಸಾಣೆಗೆ: 400, 1000 ಗ್ರಿಟ್ಟಿನ ಡೈಮಂಡ್ ಪ್ಲೇಟ್, ಚರ್ಮದ ಪಟ್ಟಿ. ಇದರಲ್ಲಿ ಜಿಪುಣತನ ಮಾಡಬೇಡ. ಅಜ್ಜ ಸಂಜೆ ಕೆಲಸ ನಿಂತ ಮೇಲೆ ಸಾಣೆ ಹಿಡಿದೇ ಊಟಕ್ಕೆ ಏಳುತ್ತಿದ್ದ. ಹೊಸ ಉಳಿಯ ಬೆನ್ನು ಮೊದಲು ಕನ್ನಡಿಯ ಹಾಗೆ ಸಮ ಮಾಡು, ಇಳಿಜಾರು 25 ಡಿಗ್ರಿ, ಬಾಯಿಯ ತುದಿ ಮಾತ್ರ 30. ಮೊಂಡು ಉಳಿಗೆ ಜೋರು ಹಾಕಬೇಕಾಗುತ್ತದೆ, ಜೋರು ಹಾಕಿದಾಗಲೇ ಜಾರುವುದು. ಮತ್ತೆ ಎರಡು ಕ್ಲಾಂಪ್. ಹಲಗೆಯನ್ನು ಕ್ಲಾಂಪ್ ಹಿಡಿದರೆ ನಿನ್ನ ಎರಡೂ ಕೈ ಉಳಿಯ ಹಿಂದೆ ಇರುತ್ತವೆ. ಎಡಗೈಯಲ್ಲಿ ಮರ, ಬಲಗೈಯಲ್ಲಿ ಉಳಿ ಹಿಡಿದು ಅಂಗೈ ಸೀಳಿಕೊಂಡವರನ್ನೂ ನೋಡಿದ್ದೇನೆ, ಸ್ನಾಯುವಿನ ಹುರಿ ಕತ್ತರಿಸಿದರೆ ಬೆರಳು ಮಡಚುವುದಿಲ್ಲ. ಇಷ್ಟೂ 16,000ದೊಳಗೆ ಬರುತ್ತದೆ. ಮಾವ ಅಂಗಡಿಯಲ್ಲಿ ವಿಚಾರಿಸಿದ್ದಾನೆ.

ಯಂತ್ರವೇ ಬೇಡ ಎನ್ನುತ್ತಿಲ್ಲ. ಅಜ್ಜನ ಕಾಲವೇ ಚೆಂದ ಎಂದು ನಾನು ಯಾವತ್ತೂ ಹೇಳಿದವಳಲ್ಲ, ದೊಡ್ಡ ಗರಗಸ ಎಳೆದೆಳೆದು ಅವನ ಭುಜ ಏನಾಯಿತು ಅಂತ ಗೊತ್ತಿದೆ. ಉದ್ದದ ಹಲಗೆ ಸೀಳಬೇಕಾದರೆ ಗಂಟೆಗೆ ಇಷ್ಟು ಅಂತ ಬಾಡಿಗೆಗೆ ಯಂತ್ರ ಕೊಡುವ ವರ್ಕ್‌ಶಾಪಿಗೆ ಹೋಗು, ರೈವಿಂಗ್ ನೈಫ್ ಇದೆಯಾ ನೋಡಿ ಮುಟ್ಟು. ಕೂದಲು ಮೇಲೆ ಕಟ್ಟು, ವೇಲ್ ತೆಗೆದಿಡು, ಬಳೆ ಬೇಡ. ಗ್ಲೌಸ್ ಹಾಕಬೇಡ. ದಿನವಿಡೀ ಗ್ಲೌಸ್ ಹಾಕಿಕೊಂಡಿರುವ ನಾನೇ ಹೇಳುತ್ತಿದ್ದೇನೆ, ತಿರುಗುವ ಬ್ಲೇಡಿಗೆ ಅದು ಸಿಕ್ಕಿದರೆ ಕೈಯನ್ನೇ ಒಳಗೆ ಎಳೆಯುತ್ತದೆ. ಎಂಡಿಎಫ್, ಅಂದರೆ ಮರದ ನಾರಿಗೆ ಅಂಟು ಸೇರಿಸಿ ಒತ್ತಿದ ಹಲಗೆ, ಕೊಯ್ಯುವಾಗ ಮಾಸ್ಕ್ ಇಲ್ಲದೆ ನಿಲ್ಲಬೇಡ, ಆ ಧೂಳಿನಲ್ಲಿ ಫಾರ್ಮಾಲ್ಡಿಹೈಡ್ ಅಂಟು ಇರುತ್ತದೆ. ಸಾಕು, ಇನ್ನು ಮುಂದೆ ಬರೆದರೆ ನೀನು ಓದದೆ ಮಡಚಿಡುತ್ತೀ.

ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಿಗೆ ಶನಿವಾರ ಹೋಗು. ಭಾನುವಾರದ ಹಳೆ ಸಾಮಾನಿನ ಸಂತೆ ಸಂಡೇ ಬಜಾರಿನಲ್ಲಿ ಹಳೆಯ ಹತ್ತರಿ ಸಿಕ್ಕಿದರೆ ಬ್ಲೇಡು ಹೊರಬರುವ ಬಾಯಿಯ ಹತ್ತಿರ ಬಿರುಕಿದೆಯಾ ನೋಡು, ತಳಕ್ಕೆ ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿ. ತುಕ್ಕು ಉಜ್ಜಿದರೆ ಹೋಗುತ್ತದೆ, ಬಿರುಕು ಹೋಗುವುದಿಲ್ಲ. ಮನೆ ಓನರ್‌ಗೆ ಮೊದಲೇ ಹೇಳಿಬಿಡು, ಕೊಡತಿಯ ಸದ್ದು ಕೆಳಗಿನ ಮನೆಗೆ ಕೇಳುತ್ತದೆ.

ಬುಧವಾರದ ತನಕ ನನಗೆ ನೈಟ್ ಡ್ಯೂಟಿ, ಬೆಳಿಗ್ಗೆ ಒಂಬತ್ತರ ಮೇಲೆ ಫೋನ್ ಮಾಡು. ಇಷ್ಟೆಲ್ಲ ಓದಿಯೂ ಕಟ್ಟರೇ ಬೇಕು ಅನ್ನಿಸಿದರೆ ಯಾಕೆ ಅಂತ ಹೇಳು, ಈ ಸಲ ಪೂರ್ತಿ ಕೇಳುತ್ತೇನೆ. ಆರ್ಡರ್ ಮಾಡುವ ಮೊದಲು ಹೇಳು.

ಮಾವ ಕೊಟ್ಟಿಗೆಯ ಅಟ್ಟದಲ್ಲಿ ಹಲಸಿನ ಎರಡು ಹಲಗೆ ಎತ್ತಿಟ್ಟಿದ್ದಾನೆ, ಚೆನ್ನಾಗಿ ಒಣಗಿದ್ದು. ಬಸ್ಸಿಗೆ ಹಾಕಬೇಕಾದರೆ ತುಂಡು ಮಾಡಬೇಕು. ಎಷ್ಟು ಉದ್ದಕ್ಕೆ ಕೊಯ್ಯಿಸಲಿ?

ಅಮ್ಮ