ಮೇಲೆ ಉದ್ಯಾನ, ಕೆಳಗೆ ಬಕೆಟ್ಟು

ಮಾನ್ಯ ಸಂಪಾದಕರೇ,

ನಮ್ಮ ವಸತಿ ಸಮುಚ್ಚಯದ ತಾರಸಿ ತೋಟವನ್ನು ಹೊಗಳಿ ತಾವು ಮೊನ್ನೆ ಪ್ರಕಟಿಸಿದ ವರದಿಯನ್ನು ಓದಿದೆ. ಚಿತ್ರವೂ ಸೊಗಸಾಗಿತ್ತು. ಅದನ್ನು ತೆಗೆದವರು ಒಂದೇ ಒಂದು ಮಹಡಿ ಕೆಳಗಿಳಿದು ಬಂದಿದ್ದರೆ, ನನ್ನ ಮಲಗುವ ಕೋಣೆಯಲ್ಲಿ ಸಾಲಾಗಿ ಇಟ್ಟಿರುವ ಮೂರು ಬಕೆಟ್‌ಗಳ ಚಿತ್ರವೂ ಅವರಿಗೆ ದೊರೆಯುತ್ತಿತ್ತು.

ವರದಿ ಬಂದ ದಿನವೇ ರಾತ್ರಿ ಸುರಿದ ಮಳೆಗೆ ಸೂರಿನ ಗಾರೆಯ ದೊಡ್ಡ ಚಕ್ಕೆಯೊಂದು ಕಳಚಿ ನನ್ನ ದಿಂಬಿನ ಮೇಲೆ ಬಿತ್ತು. ಆ ಹೊತ್ತಿಗೆ ನಾನು ತುಂಬಿದ ಬಕೆಟ್ ಚೆಲ್ಲಲು ಎದ್ದಿದ್ದೆನಾದ್ದರಿಂದ, ನನ್ನ ತಲೆ ಉಳಿಸಿದ ಕೀರ್ತಿಯೂ ಆ ತೋಟಕ್ಕೇ ಸಲ್ಲಬೇಕು. ಹಾಸಿಗೆ ಒಣಗಿಲ್ಲ, ಪುಸ್ತಕದ ಕಪಾಟಿಗೆ ಬೂಷ್ಟು ಹಿಡಿದಿದೆ, ಗೋಡೆಯ ಸ್ವಿಚ್ಚು ಮುಟ್ಟಿದರೆ ಜುಮ್ಮೆನ್ನುತ್ತದೆ. ದೂರು ಕೊಟ್ಟದ್ದಕ್ಕೆ ಸಮಿತಿಯವರು ನನಗೆ ‘ಹಸಿರು ವಿರೋಧಿ’ ಎಂಬ ಬಿರುದನ್ನು ದಯಪಾಲಿಸಿದ್ದಾರೆ.

ನೀರು ಕುಡಿದ ಮಣ್ಣು ಒಂದು ಘನ ಮೀಟರಿಗೆ ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಒಂದಡಿ ದಪ್ಪಕ್ಕೆ ಹರಡಿದರೆ ಪ್ರತಿ ಚದರ ಮೀಟರಿನ ಮೇಲೆ ಸುಮಾರು 500 ಕಿಲೋ ಭಾರ ಕೂರುತ್ತದೆ. ಜನ ಓಡಾಡಲಿ ಎಂದು ಲೆಕ್ಕ ಹಾಕಿ ಕಟ್ಟಿದ ಸಾಮಾನ್ಯ ತಾರಸಿಗೆ 150ರಿಂದ 200 ಕಿಲೋ ಹೊರುವುದಷ್ಟೇ ಗೊತ್ತು. ಮರವೆಂದರೆ ಒಂದಡಿ ಮಣ್ಣು ಯಾವ ಮೂಲೆಗೂ ಸಾಲದು. ವರದಿಗಾರರು ಬಾಲ್ಕನಿಗಳಲ್ಲೇ ಮರ ಬೆಳೆಸಿರುವ, ಇಟಲಿಯ ಮಿಲಾನಿನ ಜೋಡಿ ವಸತಿ ಗೋಪುರಗಳನ್ನು ನೆನೆದಿದ್ದಾರೆ. 2014ರಲ್ಲಿ ಮುಗಿದ ಆ ಕಟ್ಟಡಗಳನ್ನು ಮರಗಳ ಭಾರಕ್ಕೆಂದೇ ವಿನ್ಯಾಸ ಮಾಡಿ, ಬಿರುಗಾಳಿಗೆ ಮರ ತಡೆದೀತೇ ಎಂದು ಗಾಳಿಸುರಂಗದಲ್ಲಿ ಪರೀಕ್ಷಿಸಿ, ಬೇರುಗಳನ್ನು ಭದ್ರವಾಗಿ ಬಿಗಿದಿದ್ದಾರೆ. ನಮ್ಮಲ್ಲಿ ಬೇರು ತಡೆಯುವ ಹಾಳೆಯೂ ಇಲ್ಲ, ನೀರು ಬಸಿಯುವ ಪದರವೂ ಇಲ್ಲ. ಬಿರುಕು ಸಿಕ್ಕಲ್ಲಿ ಕಾಂಕ್ರೀಟನ್ನೇ ಸೀಳುವ ಆಲದ ಜಾತಿಯ ಸಸಿಗಳನ್ನು ಮಾತ್ರ ಪ್ಯಾರಪೆಟ್ ಗೋಡೆಯುದ್ದಕ್ಕೂ ಮುತುವರ್ಜಿಯಿಂದ ನೆಟ್ಟಿದ್ದಾರೆ.

ದೂರು ಹಿಡಿದು ನಗರಪಾಲಿಕೆಯ ಉದ್ಯಾನ ವಿಭಾಗಕ್ಕೆ ಹೋದರೆ, ಸೋರುವುದು ಕಟ್ಟಡ, ಕಟ್ಟಡ ವಿಭಾಗದಲ್ಲಿ ಕೇಳಿ ಎಂದರು. ಕಟ್ಟಡ ವಿಭಾಗದವರು, ಸೋರಿಸುವುದು ಗಿಡ, ಅಲ್ಲಿ ಕೇಳಿ ಎಂದರು. ಎರಡು ವರ್ಷದ ಹಿಂದೆ ಚರಂಡಿಗೆಂದು ನಮ್ಮ ರಸ್ತೆಯ ನೆರಳಿನ ಮರಗಳನ್ನೆಲ್ಲ ಒಂದೇ ಬೆಳಿಗ್ಗೆ ಕಡಿಸಿ ಹಾಕುವಾಗ ಪಾಲಿಕೆಯವರಿಗೆ ಯಾವ ವಿಭಾಗದ ಅಡ್ಡಿಯೂ ಇರಲಿಲ್ಲ. ಚರಂಡಿ ಇಂದಿಗೂ ಆಗಿಲ್ಲ. ನೆಲದ ಮೇಲಿದ್ದ ಮರಗಳನ್ನು ಉರುಳಿಸಿದ ಅದೇ ಕೈಗಳು, ಜನರ ತಲೆಯ ಮೇಲೆ ಮರ ಬೆಳೆಸಿದವರಿಗೆ ಈಗ ಫಲಕ ಕೊಟ್ಟು ಶಾಲು ಹೊದಿಸುತ್ತಿವೆ.

ಆದ್ದರಿಂದ ಸಂಬಂಧಪಟ್ಟವರು, ಅಂಥವರು ಯಾರಾದರೂ ಇದ್ದರೆ, ಈ ತೋಟವನ್ನು ಕೂಡಲೇ ತೆರವು ಮಾಡಿಸಬೇಕು, ಇಲ್ಲವೇ ಬಲ್ಲ ಇಂಜಿನಿಯರರಿಂದ ಪರೀಕ್ಷೆ ಮಾಡಿಸಿ ಸರಿಯಾದ ಕ್ರಮದಲ್ಲಿ ಮತ್ತೆ ಮಾಡಿಸಬೇಕು, ಚರಂಡಿಯನ್ನೂ ಮುಗಿಸಬೇಕು. ಇವಾವುದೂ ಆಗದಿದ್ದರೆ, ಶಾಲು ಹೊದಿಸಿದ ಅಧಿಕಾರಿಗಳು ಒಂದು ಮಳೆಯ ರಾತ್ರಿ ನನ್ನ ಕೋಣೆಯಲ್ಲಿ ಮಲಗಿ ನೋಡಲಿ. ನಾಲ್ಕನೆಯ ಬಕೆಟ್ಟನ್ನು ಅವರೇ ತರಬೇಕು.

ಇತಿ,
ತೋಟದ ಕೆಳಗಿನ ನಿವಾಸಿ