ವೈಫೈ ವರದಿಗೆ ಲೊಕೇಶನ್ ಯಾಕೆ ಬೇಕು: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯರೇ,

ಕಳೆದ ಎರಡು ತಿಂಗಳು ನಿಮ್ಮಲ್ಲಿ ಹಲವರಿಗೆ ಬೆಳಗಿನ ವೈಫೈ ವರದಿ ತಪ್ಪಾಗಿ ಬಂದಿದೆ. "ಸುತ್ತಮುತ್ತ 0 ನೆಟ್‌ವರ್ಕ್, ಚಾನೆಲ್ ಖಾಲಿ" ಅಂತ ಹಸಿರು ಟಿಕ್ ಹಾಕಿ ಕಳಿಸಿದ್ದೇವೆ. (ಚಾನೆಲ್ ಅಂದರೆ ವೈಫೈ ಓಡುವ ದಾರಿ. ಒಂದೇ ದಾರಿಯಲ್ಲಿ ತುಂಬಾ ರೂಟರ್ ಸೇರಿದರೆ ನೆಟ್ ನಿಧಾನ.) ಅಂಥ ಹಸಿರು ಟಿಕ್ ಹೋದ ದಿನವೇ ಕಾಲೇಜು ಹತ್ತಿರದ ಒಂದು ಪಿಜಿಯಲ್ಲಿ ಹುಡುಗಿಯರ ಆನ್‌ಲೈನ್ ಟೆಸ್ಟ್ ಅರ್ಧಕ್ಕೆ ನಿಂತಿತು. ಹೋಗಿ ನೋಡಿದರೆ ಅಕ್ಕಪಕ್ಕದ 14 ರೂಟರ್‌ಗಳಲ್ಲಿ 9 ನಮ್ಮ 6ನೇ ಚಾನೆಲ್‌ನಲ್ಲೇ ಕೂತಿದ್ದವು. ತಪ್ಪು ನಮ್ಮದು. ಕ್ಷಮಿಸಿ.

ಏನಾಯಿತು ಅಂತ ಹೇಳುತ್ತೇನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು. ವಿಂಡೋಸ್ 11ಕ್ಕೆ ಹೋಗಿ ಅಂತ ನಿಮ್ಮ ಬೆನ್ನು ಹತ್ತಿದವರು ನಾವೇ. ನಿಮ್ಮ ಕಂಪ್ಯೂಟರಿನಲ್ಲಿರುವ ನಮ್ಮ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ದಿನಾ ಬೆಳಗ್ಗೆ ವಿಂಡೋಸ್‌ನ ನೆಟ್‌ವರ್ಕ್ ಶೆಲ್ ಅನ್ನೋ ಹಳೇ ಕಮಾಂಡ್ ಓಡಿಸಿ, ಬರುವ ಸುತ್ತಲಿನ ವೈಫೈಗಳ ಪಟ್ಟಿಯ ಸಾಲು ಎಣಿಸುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಲೊಕೇಶನ್ ಆಫ್ ಇದ್ದರೆ ಆ ಪಟ್ಟಿ ಸಿಗುವುದಿಲ್ಲ. ಅನುಮತಿ ಬೇಕು ಅನ್ನುವ ಸಂದೇಶ ಬರುತ್ತದೆ, ಅಷ್ಟೇ. ನಮ್ಮ ಸ್ಕ್ರಿಪ್ಟ್‌ಗೆ ಆ ಸಂದೇಶ ಓದಲು ನಾವು ಕಲಿಸಿರಲಿಲ್ಲ. ಎಣಿಸಿತು, ಸೊನ್ನೆ ಬಂತು, ಟಿಕ್ ಹಾಕಿತು.

ಮೊದಲು ಡ್ರೈವರ್ ಮೇಲೆ ಅನುಮಾನ ಪಟ್ಟು ಎರಡು ಭಾನುವಾರ ಸುಮ್ನೆ ಹಾಳು ಮಾಡಿಕೊಂಡೆವು. ಇಬ್ಬರಿಗೆ ಹೊಸ ಯುಎಸ್‌ಬಿ ಅಡಾಪ್ಟರ್ ಬೇರೆ ಮಾರಿದೆವು. ಅವರ ದುಡ್ಡು ವಾಪಸ್ ಕೊಟ್ಟಾಗಿದೆ. ಕೊನೆಗೆ ಕಣ್ಣು ತೆರೆಸಿದವರು ಮೂಡಿಗೆರೆ ಕಡೆಯ ಹೋಮ್‌ಸ್ಟೇ ನಡೆಸುವ ಅಕ್ಕ ಒಬ್ಬರು. "ಸುತ್ತ ಸೊನ್ನೆ ಅಂತೀರಲ್ಲ, ಹಾಗಾದ್ರೆ ನಮ್ಮನೆ ವೈಫೈಯೇ ಇಲ್ವಾ?" ಅಂದರು. ನಿಜ. ಕನಿಷ್ಠ ಒಂದಾದರೂ ಬರಬೇಕಿತ್ತು. ನಮ್ಮ ಹುಡುಗ ಕಪ್ಪು ಕಿಟಕಿಯಲ್ಲಿ ಕಮಾಂಡನ್ನು ಕೈಯಾರೆ ಟೈಪ್ ಮಾಡಿದ. ಉತ್ತರ ಮೊದಲ ಸಾಲಿನಲ್ಲೇ ಇತ್ತು.

ಈಗ ಎಲ್ಲರೂ ಕೇಳುವ ಪ್ರಶ್ನೆ: "ವೈಫೈ ನೋಡೋಕೆ ಲೊಕೇಶನ್ ಯಾಕೆ? ನಾವು ಎಲ್ಲಿದ್ದೀವಿ ಅಂತ ನಿಮಗ್ಯಾಕೆ ಬೇಕು?" ನಮಗೆ ಬೇಡ. ಪ್ರತಿ ರೂಟರ್ ತನ್ನದೇ 12 ಅಕ್ಷರದ ಒಂದು ಗುರುತನ್ನು ಸದಾ ಕೂಗುತ್ತಲೇ ಇರುತ್ತದೆ. ಯಾವ ಗುರುತು ಯಾವ ಬೀದಿಯದ್ದು ಅನ್ನುವ ದೊಡ್ಡ ಪಟ್ಟಿಗಳನ್ನು ಕಂಪನಿಗಳು ಇಟ್ಟುಕೊಂಡಿವೆ. ಬಸ್ಸಿನಲ್ಲಿ ನಿದ್ದೆ ಹೋದವರು ಕಾಫಿ ಹುರಿಯುವ ವಾಸನೆ ಬಂದ ಕೂಡಲೇ ಊರು ಬಂತು ಅಂತ ಏಳುವುದಿಲ್ಲವೇ, ಹಾಗೆ ಸುತ್ತಲಿನ ರೂಟರ್ ನೋಡಿಯೇ ಕಂಪ್ಯೂಟರ್ ಎಲ್ಲಿದೆ ಅಂತ ಹೇಳಿಬಿಡಬಹುದು, ಜಿಪಿಎಸ್ ಇಲ್ಲದೆ. ಅದಕ್ಕೇ ಪಟ್ಟಿ ಕೇಳಿದವರೆಲ್ಲ ಅನುಮತಿ ಪಡೆಯಲಿ ಅಂತ ಈ ನಿಯಮ. ಆಂಡ್ರಾಯ್ಡ್ ಫೋನ್‌ಗಳಲ್ಲಿ 2015ರ 6ನೇ ಆವೃತ್ತಿಯಿಂದಲೇ ಇದೆ. ನಿಯಮ ಸರಿಯಾಗಿಯೇ ಇದೆ, ಆದರೆ ಅದಕ್ಕಾಗಿ ನಮ್ಮನ್ನು ಕಳ್ಳರ ಹಾಗೆ ನೋಡಿದರೆ ಬೇಜಾರಾಗುತ್ತದೆ. ನಮ್ಮ ಸ್ಕ್ರಿಪ್ಟ್ ಲೊಕೇಶನ್ ಓದುವುದಿಲ್ಲ. ನಂಬಿಕೆ ಇಲ್ಲದಿದ್ದರೆ ನಿಮ್ಮೆದುರೇ ನೋಟ್‌ಪ್ಯಾಡಿನಲ್ಲಿ ತೆರೆದು ಸಾಲು ಸಾಲಾಗಿ ತೋರಿಸುತ್ತೇವೆ.

ಒಂದು ಮಾತು ಮುಚ್ಚಿಡುವುದಿಲ್ಲ. ಈ ಅನುಮತಿಗೆ ವಿಂಡೋಸ್‌ನಲ್ಲಿ ಡೆಸ್ಕ್‌ಟಾಪ್ ಆ್ಯಪ್‌ಗಳದ್ದು ಅಂತ ಒಂದು ಸ್ವಿಚ್ ಆನ್ ಮಾಡಬೇಕು. ಅದು ನಮ್ಮ ಸ್ಕ್ರಿಪ್ಟ್‌ಗೆ ಮಾತ್ರ ಅಂತ ಇಲ್ಲ, ಅಂಥ ಎಲ್ಲಾ ಪ್ರೋಗ್ರಾಂಗೂ ಅನ್ವಯಿಸುತ್ತದೆ. ಕೌಂಟರ್ ಬಿಟ್ಟು ಅಲ್ಲಾಡದ ಕಂಪ್ಯೂಟರಾದರೆ ಅದರ ವಿಳಾಸ ನಿಮ್ಮ ಬೋರ್ಡಿನಲ್ಲೇ ಇದೆ, ಚಿಂತೆಯಿಲ್ಲ. ಮನೆಗೆ ಒಯ್ಯುವ ಲ್ಯಾಪ್‌ಟಾಪ್ ಆಗಿದ್ದರೆ ಆನ್ ಮಾಡಬೇಡಿ. ಅಂಥವರಿಗೆ ನಮ್ಮದೇ ಪುಟ್ಟ ಲಿನಕ್ಸ್ ಡಬ್ಬಿ (ವಿಂಡೋಸ್ ಇಲ್ಲದ ಚಿಕ್ಕ ಕಂಪ್ಯೂಟರ್) ಇಡುತ್ತೇವೆ, ಬಾಡಿಗೆ ಇಲ್ಲ.

ಉಳಿದವರು ಮುಂದಿನ ತಿಂಗಳ ಒಂದನೇ ತಾರೀಖಿನೊಳಗೆ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವಸಿ ಅಂಡ್ ಸೆಕ್ಯುರಿಟಿಯಲ್ಲಿ ಲೊಕೇಶನ್ ತೆರೆದು, ಮೇಲಿನ ಸ್ವಿಚ್, ಆ್ಯಪ್‌ಗಳ ಸ್ವಿಚ್, ಡೆಸ್ಕ್‌ಟಾಪ್ ಆ್ಯಪ್‌ಗಳ ಸ್ವಿಚ್ ಮೂರನ್ನೂ ಆನ್ ಮಾಡಿ. ಇನ್ನು ಮೇಲೆ ಪಟ್ಟಿ ಸಿಗದಿದ್ದರೆ ವರದಿಯಲ್ಲಿ ಸೊನ್ನೆ ಬರುವುದಿಲ್ಲ, ಕೆಂಪು ಅಕ್ಷರದಲ್ಲಿ "ಪಟ್ಟಿ ಸಿಗಲಿಲ್ಲ" ಅಂತ ಬರುತ್ತದೆ.

"ಮೂರು ಸ್ವಿಚ್ ಒತ್ತೋಕೆ 250 ರೂಪಾಯಿಯಾ?" ಅಂತ ಕೆಲವರು ಗ್ರೂಪಿನಲ್ಲಿ ಹಾಕಿದ್ದೀರಿ. ಚಿಕ್ಕಮಗಳೂರು ಊರೊಳಗೆ ಯಾರ ಹತ್ತಿರವೂ ಒಂದು ರೂಪಾಯಿ ತಗೊಂಡಿಲ್ಲ. ಆ 250 ಎಸ್ಟೇಟ್ ಕಡೆಯವರ ಹತ್ತಿರ ಮಾತ್ರ ತಗೊಂಡ ಓಡಾಟದ ಖರ್ಚು. ಅಲ್ಲಿಗೆ ಹೋಗಿ ಬರಲು 60 ಕಿಲೋಮೀಟರ್, ಕೊನೆಯ ಮೂರು ಜೀಪ್ ರಸ್ತೆ. ಪೆಟ್ರೋಲ್, ಹುಡುಗನ ಅರ್ಧ ದಿನದ ಸಂಬಳ ಕಳೆದರೆ ನಮ್ಮ ಕೈಯಿಂದಲೇ ಜಾಸ್ತಿ ಹೋಗಿದೆ. ಆದರೂ ತಪ್ಪು ವರದಿ ಹೋದ ಎರಡು ತಿಂಗಳ ಚಂದಾ ಯಾರೂ ಕೊಡುವುದು ಬೇಡ. ಕೊಟ್ಟಾಗಿದ್ದರೆ ಮುಂದಕ್ಕೆ ಹಿಡಿದುಕೊಳ್ಳುತ್ತೇವೆ.

ಸ್ವಿಚ್ ಸಿಗದಿದ್ದರೆ ಫೋನ್ ಮಾಡಿ, ನಾನೇ ಹೇಳಿಕೊಡುತ್ತೇನೆ. ಭಾನುವಾರವೂ ಎತ್ತುತ್ತೇನೆ. ಎಸ್ಟೇಟಿನವರು ಮಾತ್ರ ದಯವಿಟ್ಟು ವೈಫೈ ಕಾಲ್ ಮಾಡಿ. ದಿಬ್ಬ ಹತ್ತಿ ಸಿಗ್ನಲ್ ಹುಡುಕಿಕೊಂಡು ಮಾತಾಡಿದರೆ ಕಂಪ್ಯೂಟರ್ ಕೆಳಗೆ ಮನೆಯಲ್ಲೇ ಉಳಿದಿರುತ್ತದೆ.

ಇಂತಿ,
ನಿಮ್ಮ ನೆಟ್‌ವರ್ಕ್ ಅಂಗಡಿಯವರು