ಕೊನೆಗೌಡನ ಮುಂಗಡ ಮತ್ತು ಗಿಲ್ ಮೆಶ್

ಓವರ್‌ಲ್ಯಾಂಡ್ ಪಾರ್ಕ್, ಕ್ಯಾನ್ಸಸ್
ಜನವರಿ 30, 2011

ಪ್ರೀತಿಯ ಅಪ್ಪಯ್ಯ ಮತ್ತು ಆಯಿಗೆ ನಮಸ್ಕಾರಗಳು.

ನಾನು ಕ್ಷೇಮ. ಇಲ್ಲಿ ಹಿಮ ಬಿದ್ದು ಗಟ್ಟಿಯಾಗಿದೆ. ಬೆಳಿಗ್ಗೆ ಕಾರಿನ ಗಾಜು ಕೆರೆಯುವುದೇ ಒಂದು ಕೆಲಸ. ಆಯಿ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಮುಗಿಯುತ್ತಾ ಬಂತು. ಈಗ ದಿನಕ್ಕೆ ಅರ್ಧ ಮಿಡಿ ಅಂತ ರೇಷನ್ ಮಾಡಿದ್ದೇನೆ.

ಮೊನ್ನೆ ಫೋನಿನಲ್ಲಿ ಅಪ್ಪಯ್ಯ ಕೇಳಿದ್ದಕ್ಕೆ ಉತ್ತರ ಬರೆಯುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವು ಪೂರ್ತಿ ಕೇಳುವ ಮೊದಲೇ ಬಾಯಿ ಹಾಕುತ್ತೀರಿ. ಕಾಗದದ ಮುಂದೆ ಅದು ನಡೆಯುವುದಿಲ್ಲ.

ನಮ್ಮ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಮೂರು ವರ್ಷದ ಮುಂಗಡ ಒಟ್ಟಿಗೇ ಕೇಳಿದ್ದಾನೆ, ಮನೆ ಕಟ್ಟಬೇಕಂತೆ, ಕೊಡಲೋ ಬೇಡವೋ ಅಂದಿರಿ. ‘ಅವನೇನು ಭಾರೀ ಕೆಲಸಗಾರ ಅಲ್ಲ, ದಿನಕ್ಕೆ ಹತ್ತುವ ಮರ ಎಲ್ಲರಷ್ಟೇ’ ಅಂತಲೂ ಅಂದಿರಿ. ಅದೇ ಉಸಿರಿನಲ್ಲಿ ಐಪಿಎಲ್ ಹರಾಜನ್ನೂ ಬೈದಿರಿ. ನಮ್ಮ ಬೆಂಗಳೂರಿನಲ್ಲೇ ಹರಾಜು ನಡೆದು, ನಮ್ಮ ದ್ರಾವಿಡ್ 5 ಲಕ್ಷ ಡಾಲರಿಗೆ ರಾಜಸ್ಥಾನಕ್ಕೆ ಹೋದದ್ದು, ಉತ್ತಪ್ಪನಿಗೆ 21 ಲಕ್ಷ ಡಾಲರ್ ಬಂದದ್ದು ನಿಮಗೆ ಸರಿಬಂದಿಲ್ಲ. ನನಗೂ ಬಂದಿಲ್ಲ. ಆದರೆ ಈ ಎರಡು ಮಾತನ್ನೂ ಕೇಳುವಾಗ ನನ್ನ ತಲೆಯಲ್ಲಿ ಇದ್ದವನು ಮೂರನೆಯವನು. ಹೆಸರು ಗಿಲ್ ಮೆಶ್. ನಮ್ಮ ಕ್ಯಾನ್ಸಸ್ ಸಿಟಿ ರಾಯಲ್ಸ್ ತಂಡದ ಬೇಸ್‌ಬಾಲ್ ಪಿಚರ್. ಹತ್ತು-ಹನ್ನೆರಡು ದಿನದ ಹಿಂದೆ ಅವನು ನಿವೃತ್ತನಾದ. ಹೋಗುವಾಗ ಈ ವರ್ಷ ಬರಬೇಕಿದ್ದ ಸುಮಾರು 12 ಮಿಲಿಯನ್ ಡಾಲರ್ ಬೇಡ ಅಂದ. ನಮ್ಮ ಲೆಕ್ಕದಲ್ಲಿ 54-55 ಕೋಟಿ ರೂಪಾಯಿ. ಐಪಿಎಲ್‌ನಲ್ಲಿ ಒಂದು ತಂಡ ಆಟಗಾರರ ಮೇಲೆ ಒಟ್ಟು ಖರ್ಚು ಮಾಡಬಹುದಾದದ್ದೇ 9 ಮಿಲಿಯನ್. ಇವನೊಬ್ಬ ಅದಕ್ಕಿಂತ ಜಾಸ್ತಿ ಬಿಟ್ಟು ಮನೆಗೆ ಹೋದ.

ಕಥೆ ಮೊದಲಿಂದ ಹೇಳುತ್ತೇನೆ.

ಬೇಸ್‌ಬಾಲ್‌ನಲ್ಲಿ ಪಿಚರ್ ಅಂದರೆ ನಮ್ಮ ಬೌಲರ್ ಇದ್ದಂತೆ. ಆದರೆ ಇಲ್ಲಿ ಓವರಿಗೊಮ್ಮೆ ಬದಲಾಗುವುದಿಲ್ಲ. ಒಂದು ಪಂದ್ಯಕ್ಕೆ ಒಂಬತ್ತು ಸಣ್ಣ ಸಣ್ಣ ಇನಿಂಗ್ಸ್. ಪಂದ್ಯ ಶುರು ಮಾಡುವವನಿಗೆ ಸ್ಟಾರ್ಟರ್ ಅನ್ನುತ್ತಾರೆ. ಅವನು ಒಬ್ಬನೇ ಐದಾರು ಇನಿಂಗ್ಸ್, ಕೈ ನಡೆದರೆ ಏಳೆಂಟು ಇನಿಂಗ್ಸ್ ಎಸೆಯಬೇಕು. ನೂರರ ಹತ್ತಿರ ಎಸೆತ ಆಗುತ್ತವೆ. ಮತ್ತೆ ನಾಲ್ಕು ದಿನ ಕೈಗೆ ರಜೆ. ಹಾಗಾಗಿ ತಂಡಕ್ಕೆ ಐದು ಜನ ಸ್ಟಾರ್ಟರ್ ಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ 162 ಪಂದ್ಯ. ಹೆಚ್ಚುಕಡಿಮೆ ದಿನಾ ಆಟ. ಒಬ್ಬನ ಪಾಲಿಗೆ 32-33 ಪಂದ್ಯ ಬರುತ್ತವೆ.

ಈ ಐವರಲ್ಲಿ ಒಬ್ಬನೋ ಇಬ್ಬರೋ ಮಹಾರಥಿಗಳು. ಉಳಿದವರು ಸಾಧಾರಣ. ಒಂಬತ್ತು ಇನಿಂಗ್ಸಿಗೆ ನಾಲ್ಕೂವರೆ ರನ್ ಕೊಡುವವರು. ಒಂದು ದಿನ ಗೆಲ್ಲಿಸುತ್ತಾರೆ, ಒಂದು ದಿನ ಸೋಲಿಸುತ್ತಾರೆ. ಇಂಥವರಿಗೆ ವರ್ಷಕ್ಕೆ 10-11 ಮಿಲಿಯನ್ ಕೊಡುತ್ತಾರಲ್ಲ, ದುಡ್ಡು ಕೊಳೆಯುತ್ತಾ ಬಿದ್ದಿದೆಯಾ ಅಂತ ಇಲ್ಲಿಯವರೂ ಕೇಳುತ್ತಾರೆ. ಇಲ್ಲಿಗೆ ಬಂದ ವರ್ಷ ನಾನೂ ಕೇಳಿದ್ದೆ.

ಅದು 2006ರ ಡಿಸೆಂಬರ್. ರಾಯಲ್ಸ್ ಅದಾಗಲೇ ಮೂರು ವರ್ಷ ಒಂದೇ ಸಮನೆ ನೂರು ಅಥವಾ ಅದಕ್ಕಿಂತ ಹೆಚ್ಚು ಪಂದ್ಯ ಸೋತಿತ್ತು. 104, 106, 100. ಆಫೀಸಿನಲ್ಲಿ ರಾಯಲ್ಸ್ ಟೋಪಿ ಹಾಕಿಕೊಂಡು ಬಂದವನನ್ನು ನೋಡಿದರೆ ಸೂತಕದ ಮನೆಯವರನ್ನು ಮಾತಾಡಿಸಿದ ಹಾಗೆ ಮಾತಾಡಿಸುತ್ತಿದ್ದರು. ಆ ಚಳಿಗಾಲ ತಂಡ ಮೆಶ್‌ಗೆ ಐದು ವರ್ಷಕ್ಕೆ 55 ಮಿಲಿಯನ್ ಕೊಟ್ಟಿತು. ಊರಿಗೆ ಊರೇ ನಕ್ಕಿತು. ಅವನೇನು ದೊಡ್ಡ ಹೆಸರಲ್ಲ. ಸಿಯಾಟಲ್ ಮ್ಯಾರಿನರ್ಸ್‌ನಲ್ಲಿದ್ದ. ಭುಜದ ಶಸ್ತ್ರಚಿಕಿತ್ಸೆಯಾಗಿ 2001, 2002 ಎರಡು ವರ್ಷ ದೊಡ್ಡ ಲೀಗಿನಲ್ಲಿ ಆಡಿಯೇ ಇರಲಿಲ್ಲ. 2006ರಲ್ಲಿ ಅವನ ಲೆಕ್ಕಕ್ಕೆ ಬಂದದ್ದು 11 ಗೆಲುವು, 8 ಸೋಲು, ಒಂಬತ್ತು ಇನಿಂಗ್ಸಿಗೆ 4.48 ರನ್. ಸಾಧಾರಣ ಅನ್ನುವ ಪದಕ್ಕೆ ಫೋಟೋ ಬೇಕಿದ್ದರೆ ಅವನದ್ದೇ ಹಾಕಬಹುದಿತ್ತು.

ಮರುವರ್ಷ ಏಪ್ರಿಲ್ 2ಕ್ಕೆ ಮೊದಲ ಪಂದ್ಯ. ಎದುರಿಗೆ ಬಾಸ್ಟನ್ ರೆಡ್ ಸಾಕ್ಸ್. ಅವರ ಕಡೆ ಎಸೆಯುವವನು ಕರ್ಟ್ ಶಿಲ್ಲಿಂಗ್, ನಿಜವಾದ ಮಹಾರಥಿ. ಆಫೀಸಿನ ಗೆಳೆಯ ಎಳೆದುಕೊಂಡು ಹೋದ. ಕಾಫ್‌ಮನ್ ಸ್ಟೇಡಿಯಂ ಹೆದ್ದಾರಿಯ ಪಕ್ಕದಲ್ಲೇ ಇದೆ. ಮೈದಾನದ ಆಚೆ ಬದಿ ದೊಡ್ಡ ಕಾರಂಜಿಗಳು. ನನಗೆ ಆಟ ಅರ್ಥವಾದದ್ದು ಕಮ್ಮಿ, ಕಾರಂಜಿ ನೋಡಿದ್ದೇ ಜಾಸ್ತಿ. ಆದರೆ ಒಂದು ನೆನಪಿದೆ. ಎಂಟನೇ ಇನಿಂಗ್ಸಿನಲ್ಲಿ ಮೆಶ್‌ನನ್ನು ಹೊರಗೆ ಕರೆದಾಗ, ನಾಲ್ಕು ತಿಂಗಳು ಅವನನ್ನು ಆಡಿಕೊಂಡಿದ್ದ ನನ್ನ ಗೆಳೆಯ ಎದ್ದು ನಿಂತು ಚಪ್ಪಾಳೆ ಹೊಡೆದ. ಪಕ್ಕದವರೂ ನಿಂತರು. ನಾನೂ ನಿಂತೆ. 7-1ರಲ್ಲಿ ಗೆದ್ದೆವು. ಆ ದಿನದಿಂದ ನನಗೆ ಈ ಆಟದ ಹುಚ್ಚು ಹತ್ತಿದ್ದು.

ಈಗ ಲೆಕ್ಕಕ್ಕೆ ಬರೋಣ. ಅಪ್ಪಯ್ಯನಿಗೆ ಲೆಕ್ಕ ಇಷ್ಟ ಅಲ್ವಾ.

ಸಾಧಾರಣದವನನ್ನು ಮಹಾರಥಿಯ ಜೊತೆ ಹೋಲಿಸಿದರೆ ದುಡ್ಡು ದಂಡ ಅನ್ನಿಸುತ್ತದೆ. ಅವನನ್ನು ಹೋಲಿಸಬೇಕಾದ್ದು ಅವನು ಬಾರದ ದಿನದ ಜೊತೆ. ನಮ್ಮ ತೋಟದ್ದೇ ನೋಡಿ. ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ಕೊನೆಗೌಡ ಹತ್ತು ದಿನ ಬರಲಿಲ್ಲ. ಮದ್ದು ಹೊಡೆಯುವುದು ತಡವಾಯಿತು. ಅಡಿಕೆಗೆ ಕೊಳೆರೋಗ ಬಂತು. ಮರದ ಬುಡದಲ್ಲಿ ಎಳೆ ಕಾಯಿ ಹಾಸಿದಂತೆ ಬಿದ್ದಿತ್ತು, ಹೆಕ್ಕಿ ಹೆಕ್ಕಿ ಆಯಿಗೆ ಬೆನ್ನು ನೋವು. ಆ ಹತ್ತು ದಿನದಲ್ಲಿ ಹೋದದ್ದು ಅವನ ಎರಡು ವರ್ಷದ ಕೂಲಿ ಅಂತ ನೀವೇ ಹೇಳಿದ್ದಿರಿ. ಪಕ್ಕದೂರಿನಿಂದ ಕರೆತಂದವನು ಅರ್ಧ ಮರಕ್ಕೇ ಸಾಕು ಅಂತ ಇಳಿದು, ಕಾಲಿಗೆ ಹಾಕುವ ತಳೆ ಬಿಚ್ಚಿಬಿಟ್ಟಿದ್ದ.

ಪಿಚರ್ ವಿಷಯದಲ್ಲೂ ಅಷ್ಟೇ. ಸಾಧಾರಣ ಸ್ಟಾರ್ಟರ್ ವರ್ಷಕ್ಕೆ 200 ಇನಿಂಗ್ಸ್ ಎಸೆಯುತ್ತಾನೆ ಅಂತಿಟ್ಟುಕೊಳ್ಳಿ. ಅವನಿಲ್ಲದಿದ್ದರೆ ಕೆಳಗಿನ ಲೀಗಿನಿಂದ ಯಾರನ್ನೋ ತರಬೇಕು. ಆ ಹುಡುಗನಿಗೆ ಕನಿಷ್ಠ ಸಂಬಳ ಸಾಕು, 2007ರಲ್ಲಿ ಅದು 3,80,000 ಡಾಲರ್ ಇತ್ತು. ಆದರೆ ಅವನು ಒಂಬತ್ತು ಇನಿಂಗ್ಸಿಗೆ ಒಂದು ರನ್ ಜಾಸ್ತಿ ಕೊಡುತ್ತಾನೆ. 200ನ್ನು 9ರಿಂದ ಭಾಗಿಸಿ, 22 ರನ್ ಆಯಿತು. ಇಲ್ಲಿಯ ಲೆಕ್ಕಿಗರು ಹತ್ತು ರನ್ ಅಂದರೆ ಸುಮಾರು ಒಂದು ಗೆಲುವು ಅನ್ನುತ್ತಾರೆ. ಅಂದರೆ ಎರಡು ಗೆಲುವು. ಆಗಿನ ಮಾರುಕಟ್ಟೆಯಲ್ಲಿ ಒಂದು ಗೆಲುವಿನ ಬೆಲೆ 4ರಿಂದ 5 ಮಿಲಿಯನ್ ಅಂತ ಅಂದಾಜು. ಹಾಗೆ ನೋಡಿದರೆ ಸಾಧಾರಣದವನ 10 ಮಿಲಿಯನ್ ಹುಚ್ಚು ಖರ್ಚೇನಲ್ಲ. ಮಾರುಕಟ್ಟೆ ದರ.

ಮೆಶ್ ಅದಕ್ಕಿಂತ ಚೆನ್ನಾಗಿಯೇ ಆಡಿದ. 2007ರಲ್ಲಿ 34 ಪಂದ್ಯ, 3.67 ರನ್. ಆ ವರ್ಷದ ಒಳ್ಳೊಳ್ಳೆ ಆಟಗಾರರನ್ನು ಆರಿಸಿ ಕಟ್ಟುವ ಆಲ್-ಸ್ಟಾರ್ ತಂಡಕ್ಕೂ ಆಯ್ಕೆಯಾದ. 2008ರಲ್ಲಿ ಮತ್ತೆ 34 ಪಂದ್ಯ, 14 ಗೆಲುವು. ನಕ್ಕವರೆಲ್ಲ ಸುಮ್ಮನಾದರು. ತಂಡ ಮಾತ್ರ ಮೊದಲ ವರ್ಷ 69, ಎರಡನೇ ವರ್ಷ 75 ಗೆದ್ದಿತು. ನನ್ನ ತಕರಾರು ಇರುವುದು ಇಲ್ಲಿ. 88 ಗೆಲ್ಲುವ ತಂಡಕ್ಕೆ ಇನ್ನೆರಡು ಗೆಲುವು ಸಿಕ್ಕರೆ ಅಕ್ಟೋಬರಿನ ಪ್ಲೇಆಫ್, ಅಂದರೆ ಕಪ್ಪಿಗಾಗಿ ಆಡುವ ಕೊನೆಯ ಸುತ್ತುಗಳು, ಸಿಗಬಹುದು. 67 ಗೆಲ್ಲುವವರು 69 ಗೆದ್ದರೆ ಏನು ಬಂತು? ಆದರೂ ಸೋಲುವ ಊರಿಗೆ ಬರಲು ಯಾರಿಗೂ ಮನಸ್ಸಿರುವುದಿಲ್ಲ. ಬಾ ಅನ್ನಬೇಕೆಂದರೆ ಒಪ್ಪಂದಕ್ಕೆ ಒಂದು ವರ್ಷ ಜಾಸ್ತಿ ಸೇರಿಸಲೇಬೇಕು.

ಅದೇ ಚಳಿಗಾಲ ಇನ್ನಿಬ್ಬರು ಇಂಥವರೇ ಮಾರಾಟವಾಗಿದ್ದರು. ಟೆಡ್ ಲಿಲ್ಲಿಗೆ ಶಿಕಾಗೋ ಕಬ್ಸ್ ನಾಲ್ಕು ವರ್ಷಕ್ಕೆ 40 ಮಿಲಿಯನ್ ಕೊಟ್ಟಿತು. ಆ ತಂಡದ ಜನರಲ್ ಮ್ಯಾನೇಜರ್ ಜಿಮ್ ಹೆಂಡ್ರಿಗೆ ಎದೆಯ ತೊಂದರೆಯಾಗಿ ಆಸ್ಪತ್ರೆಗೆ ಹೋಗಿದ್ದ. ಇಸಿಜಿ ತಂತಿ ಮೈಗೆ ಅಂಟಿಸಿಕೊಂಡೇ ಫೋನಿನಲ್ಲಿ ವ್ಯಾಪಾರ ಕುದುರಿಸಿದ! (ಆಯಿ, ಅಪ್ಪಯ್ಯನೂ ಅಡಿಕೆ ಮಂಡಿಯ ಫೋನು ಬಂದರೆ ಹೀಗೇ ಮಾಡುತ್ತಾರೆ. ಬಿಪಿ ಮಾತ್ರೆ ಸರಿಯಾಗಿ ಕೊಡು.) ಲಿಲ್ಲಿ ಕೊಟ್ಟ ದುಡ್ಡಿಗೆ ಮೋಸ ಮಾಡಲಿಲ್ಲ. 2008ರಲ್ಲಿ 17 ಪಂದ್ಯ ಗೆದ್ದ.

ಇನ್ನೊಬ್ಬ ಜೆಫ್ ಸಪ್ಪಾನ್. ಮಿಲ್ವಾಕೀ ಬ್ರೂವರ್ಸ್ ಅವನಿಗೆ ನಾಲ್ಕು ವರ್ಷಕ್ಕೆ 42 ಮಿಲಿಯನ್ ಕೊಟ್ಟಿತು. ಸಪ್ಪಾನ್ ಕೊಡುವ ರನ್ ನೋಡಿ: ಮೊದಲ ವರ್ಷ 4.62, ಆಮೇಲೆ 4.96, ಆಮೇಲೆ 5.29. ನಮ್ಮ ಮನೆ ಪಂಪ್‌ಸೆಟ್ ನೀರು ಎತ್ತುವುದು ವರ್ಷ ವರ್ಷ ಕಮ್ಮಿಯಾದ ಹಾಗೆ. ನಾಲ್ಕನೇ ವರ್ಷ ಜೂನ್‌ನಲ್ಲಿ ಕೈಬಿಟ್ಟರು. ಆದರೂ ಸಂಬಳ ಕಟ್ಟುತ್ತಲೇ ಇರಬೇಕಾಯಿತು. ಇಲ್ಲಿಯ ಒಪ್ಪಂದ ಹಾಗೆ. ಬರೆದಿದ್ದು ಬರೆದಿದ್ದೇ. ಆಡಲಿ, ಬಿಡಲಿ, ಮುರಿದುಕೊಂಡು ಮಲಗಲಿ, ಕೊಡಲೇಬೇಕು.

ಮೂವರೂ ಒಂದೇ ಸಂತೆಯಲ್ಲಿ, ಹೆಚ್ಚುಕಡಿಮೆ ಒಂದೇ ದರಕ್ಕೆ ಹೋದವರು. ಯಾರು ಲಿಲ್ಲಿ ಆಗುತ್ತಾನೆ, ಯಾರು ಸಪ್ಪಾನ್ ಆಗುತ್ತಾನೆ ಅಂತ ಆ ಡಿಸೆಂಬರಿನಲ್ಲಿ ಹೇಳಬಲ್ಲವರು ಇರಲಿಲ್ಲ. ಮಹಾರಥಿ ಸ್ವಲ್ಪ ಇಳಿದರೂ ಸಾಧಾರಣ ಆಗುತ್ತಾನೆ, ಕೆಲಸಕ್ಕೆ ಬರುತ್ತಾನೆ. ಸಾಧಾರಣದವನು ಸ್ವಲ್ಪ ಇಳಿದರೆ ಕೆಳಗೆ ಮೆಟ್ಟಿಲೇ ಇಲ್ಲ. ಹಾಗಾಗಿ ಇವರ ಮೊದಲ ಎರಡು ವರ್ಷಕ್ಕೆ ಎಷ್ಟು ಕೊಟ್ಟರೂ ನಾನು ಬೈಯುವುದಿಲ್ಲ. ಬೈಯುವುದು ನಾಲ್ಕನೇ, ಐದನೇ ವರ್ಷಕ್ಕೆ.

ಮೆಶ್‌ನ ಮೂರನೇ ವರ್ಷಕ್ಕೇ ಆ ಇಳಿತ ಬಂತು. 2009ರ ಜೂನ್, ಅರಿಜೋನಾ ತಂಡದ ಎದುರು ನಮ್ಮೂರಲ್ಲೇ ಆಟ. ಒಂಬತ್ತೂ ಇನಿಂಗ್ಸ್ ಅವನೇ ಎಸೆದ. ಒಂದೂ ರನ್ ಕೊಡಲಿಲ್ಲ. ನಾನು ಟೀವಿಯಲ್ಲಿ ನೋಡುತ್ತಿದ್ದೆ. ಪರದೆಯ ಮೂಲೆಯಲ್ಲಿ ಎಸೆತದ ಲೆಕ್ಕ ಏರುತ್ತಾ ಇತ್ತು. 110, 120, 130. ಕೊನೆಗೆ 132. ಒಳ್ಳೇ ಆಟ ಅಂತ ಕುಣಿಯಬೇಕೋ, ಯಾರಾದರೂ ಅವನನ್ನು ಹೊರಗೆ ಕರೆಯಿರಪ್ಪಾ ಅಂತ ಕೂಗಬೇಕೋ ಗೊತ್ತಾಗಲಿಲ್ಲ. ಭುಜಕ್ಕೆ ಮೊದಲೇ ಕತ್ತರಿ ಹಾಕಿಸಿಕೊಂಡವನು! ಆಮೇಲೆ ಅವನು ಮೊದಲಿನ ಮೆಶ್ ಆಗಲೇ ಇಲ್ಲ. ಆ ವರ್ಷ 23 ಪಂದ್ಯ, 5.09. ಕಳೆದ ವರ್ಷ ಒಂದೂ ಗೆಲುವಿಲ್ಲ, ಐದು ಸೋಲು. ಕೊನೆಯಲ್ಲಿ ಒಂದೆರಡು ಇನಿಂಗ್ಸ್ ಎಸೆಯುವ ರಿಲೀವರ್ ಆಗಿದ್ದ.

ಇದೆಲ್ಲ ಆಗುವಾಗ ತಮಾಷೆ ನೋಡಿ. ಪನಾಮಾದಲ್ಲಿ ಹುಟ್ಟಿದ ಚೀನೀ ಮೂಲದ ಬ್ರೂಸ್ ಚೆನ್ ಅನ್ನುವವನನ್ನು ರಾಯಲ್ಸ್ ಕೆಳಗಿನ ಲೀಗಿನ ಒಪ್ಪಂದದಲ್ಲಿ ತಂದಿಟ್ಟುಕೊಂಡಿತ್ತು. ಊರೂರು ತಿರುಗಿದವನು, ಎಸೆತದಲ್ಲಿ ವೇಗವೇ ಇಲ್ಲ. ಕಳೆದ ವರ್ಷ ಅವನು 12 ಪಂದ್ಯ ಗೆದ್ದ, ತಂಡದಲ್ಲಿ ಎಲ್ಲರಿಗಿಂತ ಜಾಸ್ತಿ. ಸಾಧಾರಣತನ ಇಷ್ಟು ಅಗ್ಗಕ್ಕೂ ಸಿಗುತ್ತದೆ ಅಂತಾಯಿತು. ಆದರೆ ಹುಡುಕಿ ತರುವುದು ಕಷ್ಟ. ಇವತ್ತು ಸಿಕ್ಕವನು ನಾಳೆ ಸಿಗುತ್ತಾನೆ ಅನ್ನುವ ಭರವಸೆಯೂ ಇಲ್ಲ.

ಮೆಶ್‌ಗೆ ದಾರಿ ಇತ್ತು. ಮತ್ತೆ ಭುಜ ಕೊಯ್ಯಿಸಿಕೊಂಡು, ವರ್ಷಪೂರ್ತಿ ಮನೆಯಲ್ಲಿ ಕೂತು, ತಿಂಗಳು ತಿಂಗಳು ಸಂಬಳ ಎಣಿಸಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ದುಡಿಯದೆ ತೆಗೆದುಕೊಳ್ಳುವುದು ಸರಿ ಅನ್ನಿಸುತ್ತಿಲ್ಲ ಅಂತ ಹೇಳಿ ಲೂಸಿಯಾನಾದ ತನ್ನ ಊರಿಗೆ ಹೋದ. ಇನ್ನೂ 32 ವರ್ಷ. ಆಫೀಸಿನಲ್ಲಿ ಇದೇ ಮಾತು. ನನ್ನ ಗೆಳೆಯ ‘ದೇವರಂಥವನು’ ಅಂದ. ಪಕ್ಕದ ಸೀಟಿನ ಗುಜರಾತಿ ‘ನಲವತ್ತು ಚಿಲ್ಲರೆ ಮಿಲಿಯನ್ ಜೇಬಿಗೆ ಹಾಕಿಕೊಂಡವನಿಗೆ ಹನ್ನೆರಡು ಬಿಡುವುದು ಏನು ಮಹಾ’ ಅಂದ. ಇಬ್ಬರದ್ದೂ ಸ್ವಲ್ಪ ಸ್ವಲ್ಪ ಸರಿ. ನನಗೆ ಮಾತ್ರ ಆ 132 ಎಸೆತ ಮರೆಯುವುದಿಲ್ಲ. ಬಾಡಿಗೆಗೆ ತಂದ ಎತ್ತನ್ನು ಸಂಜೆ ಮೇಲೂ ಹೂಡಿದ ಹಾಗೆ. ಆ ಲೆಕ್ಕ ಯಾವ ಒಪ್ಪಂದದಲ್ಲೂ ಬರೆದಿರುವುದಿಲ್ಲ. ತಂಡವೂ ಅವನಿಗೆ ಬಾಕಿ ಇಟ್ಟುಕೊಂಡಿತ್ತು ಅಂತ ನನ್ನ ಅಭಿಪ್ರಾಯ.

ಹಾಗಾಗಿ ಅಪ್ಪಯ್ಯ, ಕೊನೆಗೌಡನಿಗೆ ಮುಂಗಡ ಕೊಡಿ. ಎಲ್ಲರಷ್ಟೇ ಮರ ಹತ್ತುತ್ತಾನೆ ಅಂತ ಕಮ್ಮಿ ಮಾಡಬೇಡಿ. ಈಗಿನ ಕಾಲದಲ್ಲಿ ಎಲ್ಲರಷ್ಟು ಹತ್ತುವವನೇ ಸಿಗುವುದಿಲ್ಲ ಅಂತ ನೀವೇ ವರ್ಷಕ್ಕೆ ನಾಲ್ಕು ಸಲ ಹೇಳುತ್ತೀರಿ. ಆದರೆ ಮೂರು ವರ್ಷದ್ದು ಒಟ್ಟಿಗೆ ಬೇಡ. ಎರಡು ವರ್ಷದ್ದು ಮುಂಗಡ ಅಂತ ಕೊಡಿ. ಮನೆ ಕಟ್ಟಲು ಸಾಲದಿದ್ದರೆ ಉಳಿದದ್ದನ್ನು ಸುಮ್ನೆ ಕೈಗಡ ಅಂತ ಕೊಡಿ, ಕೆಲಸಕ್ಕೆ ಗಂಟು ಹಾಕಬೇಡಿ. ನಾನು ಈ ತಿಂಗಳು ಸ್ವಲ್ಪ ಹೆಚ್ಚು ಕಳಿಸುತ್ತೇನೆ. ಮತ್ತೆ ಈ ಸಲ ಕೊನೆಕೊಯ್ಲು ಬೇಗ ಮುಗಿಯಬೇಕು ಅಂತ ಅವನನ್ನು ಹೊತ್ತು ಮುಳುಗುವವರೆಗೆ ಹತ್ತಿಸಬೇಡಿ. ಮಧ್ಯಾಹ್ನದ ಮೇಲೆ ಅವನು ಬಲಗೈಯಿಂದ ಎಡಭುಜ ತಿಕ್ಕಿಕೊಳ್ಳುತ್ತಿದ್ದುದನ್ನು ಹೋದ ಸಲ ಬಂದಾಗ ನೋಡಿದ್ದೇನೆ. ಆಯಿ ಎಣ್ಣೆ ಬಿಸಿ ಮಾಡಿ ಕೊಟ್ಟಿದ್ದಳು.

ಇಲ್ಲಿ ಆಟ ಶುರುವಾಗಲು ಇನ್ನೂ ಎರಡು ತಿಂಗಳಿದೆ. ಮೆಶ್ ಜಾಗಕ್ಕೆ ಯಾರು ಬರುತ್ತಾರೋ ನೋಡಬೇಕು. ತಂಗಿಗೆ ಪರೀಕ್ಷೆ ಮುಗಿದ ಮೇಲೆ ಫೋನ್ ಮಾಡಲು ಹೇಳಿ. ಕೊನೆಗೌಡನ ಭುಜ ಈಗ ಹೇಗಿದೆ ಅಂತ ಮರೆಯದೆ ಬರೆಯಿರಿ.

ನಿಮ್ಮ ಮಗ